ಕಾಶ್ಮೀರದ ಸರೋವರಗಳು, ನಡು ಮಧ್ಯಾಹ್ನದ ಬಿಸಿಲು ಮತ್ತೆ ನನ್ನ ಕ್ಯಾಮೆರಾ

ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ ಮಾತು, ಸೂರ್ಯ ಹುಟ್ಟೋವಾಗ ತೆಗಿ, ಮುಳುಗೋವಾಗ ತೆಗಿ, ಮಧ್ಯ ಕ್ಯಾಮೆರಾನ ಬ್ಯಾಗಲ್ಲಿ ಇಟ್ಟು ಊಟ ಮಾಡು ಅಂತ. ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೋದ್ರೆ ಈ ಮಾತು ನಡಿಯುತ್ತೆ, ಅಲ್ಲಿ ಮಂಜೇ ಅರ್ಧ ಕೆಲಸ ಮಾಡ್ಕೊಡುತ್ತೆ. ಆದ್ರೆ ಕಾಶ್ಮೀರ್ ಗ್ರೇಟ್ ಲೇಕ್ಸ್ ಥರದ ಟ್ರೆಕ್ಕಲ್ಲಿ, ದಿನಾ ಬೆಳಗ್ಗೆ ಟೆಂಟ್ ಬಿಚ್ಚಿ ಸಂಜೆ ಇನ್ನೊಂದು ಕಡೆ ಹಾಕೋ ಲೆಕ್ಕದಲ್ಲಿ, ಈ ರೂಲ್ ಇಟ್ಕೊಂಡು ಕೂತ್ರೆ ಟ್ರೆಕ್ಕಿನ ಮುಕ್ಕಾಲು ಭಾಗ ಕ್ಯಾಮೆರಾ ಹೊರಗೇ ಬರಲ್ಲ.

ಗೊತ್ತಿಲ್ದೋರಿಗೆ ದಾರಿ ಹೇಳ್ಬಿಡ್ತೀನಿ. ಸೋನಮರ್ಗ್ ಹತ್ರ ಶುರು, ನಿಚ್ನಾಯ್ ಪಾಸ್ (ಪಾಸ್ ಅಂದ್ರೆ ಬೆಟ್ಟದ ಸಾಲು ದಾಟೋ ಕಣಿವೆ ದಾರಿ) ದಾಟಿದ್ರೆ ವಿಷನ್‌ಸರ್, ಅದರ ಮೇಲ್ಗಡೆ ಕೃಷನ್‌ಸರ್, ಅಲ್ಲಿಂದ ಸುಮಾರು 4,200 ಮೀಟರ್ ಎತ್ತರದ ಗಡ್ಸರ್ ಪಾಸ್ ಹತ್ತಿ ಇಳಿದ್ರೆ ಗಡ್ಸರ್ ಸರೋವರ, ಆಮೇಲೆ ಸತ್ಸರ್, ಝಚ್ ಪಾಸ್, ಗಂಗಬಲ್ ಮತ್ತೆ ನುಂದ್ಕೋಲ್ ಸರೋವರಗಳು, ಕೊನೆಗೆ ಮಂಡಿ ನಡುಗಿಸೋ ಒಂದು ಇಳಿಜಾರು, ಕೆಳಗೆ ನಾರಾನಾಗ್. ರಸ್ತೆ ಇಲ್ಲ, ನೆಟ್‌ವರ್ಕ್ ಇಲ್ಲ, ಚಾರ್ಜಿಂಗ್ ಇಲ್ಲ. ಮಧ್ಯೆ ಮಧ್ಯೆ ಆರ್ಮಿಯವ್ರು ಐಡಿ ಚೆಕ್ ಮಾಡ್ತಾರೆ, ಅವರ ಕ್ಯಾಂಪ್ ಕಡೆ ಕ್ಯಾಮೆರಾ ತಿರುಗಿಸೋ ಹಾಗಿಲ್ಲ, ಡ್ರೋನ್ ಆಸೆನ ಬೆಂಗಳೂರಲ್ಲೇ ಬಿಟ್ಟು ಹೋಗಿ.

ಈಗ ಬೆಳಕಿನ ವಿಷ್ಯ. ಸುತ್ತಾ ಅಷ್ಟೆತ್ತರದ ಬೆಟ್ಟ ಇರೋದ್ರಿಂದ ಸೂರ್ಯ ಹುಟ್ಟಿದ್ರೂ ಸರೋವರದ ತನಕ ಬಿಸಿಲು ಬರೋದಕ್ಕೆ ಸುಮಾರು ಹೊತ್ತಾಗುತ್ತೆ, ತುದಿ ಮಾತ್ರ ಕೇಸರಿ ಬಣ್ಣಕ್ಕೆ ತಿರುಗಿರುತ್ತೆ, ಕೆಳಗೆ ನೀರು ಹುಲ್ಲು ಟೆಂಟು ಎಲ್ಲಾ ಕಪ್ಪು ನೆರಳಲ್ಲಿ. ಕಣ್ಣಿಗೆ ಎರಡೂ ಕಾಣ್ಸುತ್ತೆ, ಸೆನ್ಸರ್‌ಗೆ ಕಾಣಲ್ಲ. ತುದಿಗೆ ಎಕ್ಸ್‌ಪೋಸ್ ಮಾಡಿದ್ರೆ ನೀರು ಮಸಿ, ನೀರಿಗೆ ಮಾಡಿದ್ರೆ ತುದಿ ಬಿಳಿ ಪೇಪರು. ಬ್ರಾಕೆಟಿಂಗ್ ಮಾಡಿ, ಅಂದ್ರೆ ಒಂದೇ ದೃಶ್ಯನ ಬೇರೆ ಬೇರೆ ಎಕ್ಸ್‌ಪೋಷರಲ್ಲಿ ಎರಡ್ಮೂರು ಫ್ರೇಮ್ ತೆಗೆದು ಮನೇಲಿ ಸೇರಿಸ್ಬೋದು, ನಾನೂ ಮಾಡ್ತೀನಿ. ಆದ್ರೆ ಅಷ್ಟೊತ್ತಿಗೆ ಗೈಡು "ಸರ್, ನಾಶ್ತಾ ರೆಡಿ, ಟೆಂಟ್ ಖಾಲಿ ಮಾಡಿ" ಅಂತ ಕೂಗ್ತಿರ್ತಾನೆ. ಅವನದೇನೂ ತಪ್ಪಿಲ್ಲ, ಮಧ್ಯಾಹ್ನದ ಮೇಲೆ ಮೋಡ ಕಟ್ಟೋದ್ರೊಳಗೆ ಪಾಸ್ ದಾಟ್ಬೇಕು.

ಹಾಗಾಗಿ ಒಳ್ಳೇ ಬೆಳಕಿಗೆ ನಾವು ಕಾಯೋಕಾಗಲ್ಲ, ನಾವು ಹೋಗಿ ತಲುಪೋ ಹೊತ್ತಲ್ಲಿ ಯಾವ ಬೆಳಕಿದ್ಯೋ ಅದ್ರಲ್ಲೇ ಏನು ಚೆನ್ನಾಗಿ ಬರುತ್ತೆ ಅಂತ ನೋಡ್ಬೇಕು. ನೋಡಿದ್ರೆ ತಮಾಷೆ ಏನಪ್ಪಾ ಅಂದ್ರೆ ಈ ಸರೋವರಗಳ ಮಟ್ಟಿಗೆ ನಡು ಮಧ್ಯಾಹ್ನವೇ ಬೆಸ್ಟು. ಬೆಳಗ್ಗೆ ನೀರು ಕನ್ನಡಿ, ಎದುರಿನ ಬೆಟ್ಟ, ಆಕಾಶ ತೋರಿಸುತ್ತೆ, ತನ್ನ ಬಣ್ಣ ತೋರ್ಸಲ್ಲ. ಸೂರ್ಯ ನೆತ್ತಿ ಹತ್ರ ಬಂದಾಗ ಬೆಳಕು ನೀರೊಳಗೆ ಇಳಿಯುತ್ತೆ, ಹಿಮ ಕರಗಿದ ನೀರಿನ ಜೊತೆ ಬರೋ ಕಲ್ಲಿನ ನುಣುಪು ಪುಡಿ, ನೀರಿನ ಆಳ, ಎಲ್ಲಾ ಸೇರಿ ಆಗ ಆ ನೀಲಿ ಹಸಿರು ಕಾಣ್ಸುತ್ತೆ. ದಡದ ಹತ್ರ ಕಲ್ಲು ಒಂದೊಂದೂ ಎಣಿಸೋ ಹಾಗೆ, ನಾಲ್ಕು ಹೆಜ್ಜೆ ಆಚೆ ತಿಳಿ ಹಸಿರು, ಅದರಾಚೆ ಒಂದೇ ಸಲ ಗಾಢ ನೀಲಿ, ಮಧ್ಯೆ ಗೆರೆ ಎಳೆದ ಹಾಗೆ. ಮೋಡ ಒಂದು ಅಡ್ಡ ಬಂದ್ರೆ ಸಾಕು, ಸ್ವಿಚ್ ಆರಿಸಿದ ಹಾಗೆ ಬಣ್ಣ ಹೋಗ್ಬಿಡುತ್ತೆ, ಬರೀ ಬೂದಿ.

ಕೃಷನ್‌ಸರ್ ದಾಟಿ ಗಡ್ಸರ್ ಪಾಸ್ ಏರ್ತಾ ತಿರುಗಿ ನೋಡಿದ್ರೆ ಎರಡು ಸರೋವರ ಒಂದರ ಹಿಂದೆ ಒಂದು ಕಾಣ್ಸುತ್ತಲ್ಲ, ಎಲ್ಲರ ಇನ್‌ಸ್ಟಾದಲ್ಲೂ ಇರೋ ಫೋಟೋ, ಅದನ್ನ ತೆಗೆಯೋಕೆ ನೀವು ನೋಡ್ಬೇಕಾಗಿರೋದು ಆಗ್ನೇಯ ದಿಕ್ಕಿಗೆ. ಅಂದ್ರೆ ಬೆಳಗ್ಗೆ ಬೇಗ ಏರಿದ್ರೆ ಸೂರ್ಯ ಹೆಚ್ಚೂ ಕಮ್ಮಿ ಎದುರಿಗೇ, ನೀರೆಲ್ಲಾ ಬೆಳ್ಳಿ ತಗಡು. ಗುಂಪಲ್ಲಿ ಎಲ್ಲರಿಗಿಂತ ಮುಂದೆ ಓಡೋ ಫಿಟ್‌ನೆಸ್ ಹುಡುಗರಿಗಿಂತ ಏದುಸಿರು ಬಿಡ್ತಾ ಹಿಂದೆ ಬರೋರಿಗೇ ಇಲ್ಲಿ ಒಳ್ಳೇ ಫೋಟೋ ಸಿಗೋದು. ನಾನು ಯಾವಾಗ್ಲೂ ಕೊನೇ ಸಾಲು, ಆರೋಗ್ಯದ ದೃಷ್ಟಿಯಿಂದಲೂ.

ಪೋಲರೈಸರ್ ಫಿಲ್ಟರ್ ಬಗ್ಗೆ ಕೇಳ್ತಾರೆ. ನೀರಿನ ಹೊಳಪು ತೆಗೆಯೋಕೆ ಬೇಕೇ ಬೇಕು, ಆದ್ರೆ ಪೂರ್ತಿ ತಿರುಗಿಸ್ಬೇಡಿ. ಅಷ್ಟು ಎತ್ತರದಲ್ಲಿ ಆಕಾಶ ಮೊದಲೇ ಕಡು ನೀಲಿ, ಇದನ್ನೂ ಹಾಕಿದ್ರೆ ಕಪ್ಪಾಗುತ್ತೆ, ವೈಡ್ ಲೆನ್ಸಲ್ಲಿ ಹಾಕಿದ್ರಂತೂ ಒಂದು ಮೂಲೆ ಕಪ್ಪು ಇನ್ನೊಂದು ಮೂಲೆ ತಿಳಿ. ಅರ್ಧ ತಿರುಗಿಸಿ ನಿಲ್ಸಿ, ಸಾಕು.

ಲೆನ್ಸ್ ವಿಷ್ಯದಲ್ಲಿ ನನ್ನದು ಸ್ವಲ್ಪ ತಕರಾರಿನ ಅಭಿಪ್ರಾಯ. ಬೆಟ್ಟ ದೊಡ್ಡದು ಅಂತ ಎಲ್ರೂ ವೈಡ್ ಲೆನ್ಸ್ ತರ್ತಾರೆ, ಆದ್ರೆ ವೈಡ್ ಲೆನ್ಸು ದೂರದ ಬೆಟ್ಟನ ಇನ್ನೂ ದೂರ ತಳ್ಳಿ ಗುಡ್ಡೆ ಮಾಡಿಬಿಡುತ್ತೆ, ಕಾಲ ಹತ್ರ ಇರೋ ಕಲ್ಲು ದೊಡ್ಡದು, ನುಂದ್ಕೋಲ್ ಪಕ್ಕದ ಹರಮುಖ್ ಶಿಖರ ಚಿಕ್ಕದು! ಹತ್ರ ಏನಾದ್ರೂ ಹೂವೋ ತೊರೆಯೋ ಇದ್ರೆ ಮಾತ್ರ ಅದು ಸರಿ. ನಾನು ದೂರದ್ದನ್ನ ಹತ್ರ ಎಳೆಯೋ 70-200 ಎಂಎಂ ಜೂಮ್ ಲೆನ್ಸ್ ತಗೊಂಡು ಹೋಗ್ತೀನಿ. ಒಂದರ ಹಿಂದೆ ಒಂದು ಬೆಟ್ಟದ ಸಾಲು, ಇಳಿಜಾರಲ್ಲಿ ಓಡೋ ಮೋಡದ ನೆರಳು, ಎಲ್ಲೋ ಮೇಲೆ ಚುಕ್ಕೆ ಥರ ಹರಡಿರೋ ಬಕರ್ವಾಲರ (ಅಲ್ಲಿನ ಅಲೆಮಾರಿ ಕುರಿಗಾಹಿಗಳು) ಕುರಿ ಹಿಂಡು, ಇವೆಲ್ಲಾ ಅದರಲ್ಲೇ ಸಿಗೋದು, ಅದೂ ನಡು ಮಧ್ಯಾಹ್ನದಲ್ಲೇ. ನಮ್ಮ ಗುಂಪಲ್ಲಿದ್ದ ಹುಬ್ಬಳ್ಳಿಯವರೊಬ್ಬರು "ಯಾಕ್ರೀ ಸರ, ಇಷ್ಟ ಭಾರ ಹೊತಗೊಂಡ ಬಂದೀರಿ, ಫೋನ್ ಐತಲ್ಲ" ಅಂತ ದಿನಾ ಕೇಳೋರು. ವಿಟ್ಟೋರಿಯೋ ಸೆಲ್ಲಾ ಅಂತ ಇಟಲಿಯವನೊಬ್ಬ ಇದ್ದ, ಆಲ್ಪ್ಸ್ ಬೆಟ್ಟಗಳಲ್ಲಿ 30×40 ಸೆಂಟಿಮೀಟರ್ ಗಾಜಿನ ಪ್ಲೇಟ್ ಹಾಕೋ ಕ್ಯಾಮೆರಾ ಹೊರಿಸ್ಕೊಂಡು ಹತ್ತಿದ್ದೋನು, 1899ರಲ್ಲಿ ಕಾಂಚನಜುಂಗಾ ಸುತ್ತಿದ, 1909ರಲ್ಲಿ ಕೆ2 ಕಡೆ ಹೋದ. ಅವನ ಹೆಸರು ಹೇಳಿದೆ. "ಅಂವಂಗ ಬ್ಯಾರೆ ಕೆಲ್ಸ ಇರ್ಲಿಲ್ಲೇನ್ರೀ" ಅಂದ್ರು. ಅಲ್ಲಿಗೆ ಮಾತು ಮುಗೀತು.

ಬಕರ್ವಾಲರ ಹೆಸರು ಬಂತಲ್ಲ, ಒಂದು ಮಾತು. ಅವರ ಡೇರೆ, ಮನೆ ಹೆಂಗಸರು, ಮಕ್ಕಳ ಕಡೆ ಕೇಳ್ದೆ ಕ್ಯಾಮೆರಾ ಎತ್ಬೇಡಿ. ನಮ್ಮನೆ ಅಡುಗೆಮನೆ ಕಿಟಕೀಲಿ ಯಾರಾದ್ರೂ ಲೆನ್ಸ್ ತೂರಿಸಿದ್ರೆ ನಾವೇನ್ ಸುಮ್ನಿರ್ತೀವಾ?

ಬ್ಯಾಟರಿ ಬಗ್ಗೆ ಚಿಕ್ಕದಾಗಿ: ಚಳಿಗೆ ಬೇಗ ಇಳಿಯುತ್ತೆ, ರಾತ್ರಿ ಎಲ್ಲಾ ಬ್ಯಾಟರಿನೂ ಸಾಕ್ಸಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗೊಳಗೆ ಇಟ್ಕೊಂಡು ಮಲಗಿ. ಫ್ಲೈಟಲ್ಲಿ ಪವರ್ ಬ್ಯಾಂಕು, ಸ್ಪೇರ್ ಬ್ಯಾಟರಿ ಕೈ ಬ್ಯಾಗಲ್ಲೇ ಇರ್ಲಿ, ಚೆಕ್ ಇನ್ ಲಗೇಜಲ್ಲಿ ಬಿಡಲ್ಲ. ಆದ್ರೆ ಕ್ಯಾಮೆರಾನ ಬೆಚ್ಚಗೆ ಇಟ್ಕೋಬೇಡಿ, ಟೆಂಟಿನ ಉಸಿರಿನ ತೇವಕ್ಕೆ ಗಾಜಿನ ಮೇಲೆ ಹಬೆ ಕೂರುತ್ತೆ, ಜಿಪ್ ಕವರಲ್ಲಿ ಹಾಕಿ ಒಂದು ಮೂಲೇಲಿಡಿ.

ಬೆಳಗಿನ ಬೆಳಕಿಗೆ ಇಡೀ ದಾರೀಲಿ ಒಂದು ಜಾಗ ಮಾತ್ರ ನಾನು ನಿದ್ದೆ ಬಿಡ್ತೀನಿ, ಅದು ನುಂದ್ಕೋಲ್. 5,142 ಮೀಟರ್‌ನ ಹರಮುಖ್ ಸರೋವರದ ನೈಋತ್ಯಕ್ಕಿದೆ, ಹಾಗಾಗಿ ಪೂರ್ವದ ಬಿಸಿಲು ನೇರ ಅದರ ಮುಖಕ್ಕೇ ಬೀಳುತ್ತೆ, ಗಾಳಿ ಏಳೋಕೆ ಮುಂಚೆ ನೀರಲ್ಲಿ ಪೂರ್ತಿ ಬಿಂಬ. ಟ್ರೈಪಾಡ್ ಹೊತ್ತಿದ್ದಕ್ಕೆ ಇಲ್ಲೇ ಬಡ್ಡಿ ಸಮೇತ ವಸೂಲಿ. ಸತ್ಸರ್ ಆದ್ಮೇಲೆ ಸಿಗೋ ದೊಡ್ಡ ಬಂಡೆಗಳ ದಾರೀಲಿ ಮಾತ್ರ ಅದನ್ನ ಬ್ಯಾಗಿಗೆ ಕಟ್ಬಿಡಿ, ಎರಡೂ ಕೈ ಖಾಲಿ ಇರ್ಬೇಕು.

ಇನ್ನು ರಾತ್ರಿ ಆಕಾಶ. ಕ್ಷೀರಪಥ ತೆಗೀಬೇಕು ಅಂತ ಆಸೆ ಇಟ್ಕೊಂಡು ಹೋಗೋರು ಒಂದು ಲೆಕ್ಕ ನೋಡ್ಕೊಳ್ಳಿ. ಅದರ ಹೊಳೆಯೋ ನಡುಭಾಗ ಬೆಂಗಳೂರಿನ ಅಕ್ಷಾಂಶದಲ್ಲಿ ದಕ್ಷಿಣಕ್ಕೆ 48 ಡಿಗ್ರಿ ತನಕ ಮೇಲೇರುತ್ತೆ, ಕಾಶ್ಮೀರದಲ್ಲಿ 27 ಡಿಗ್ರಿ ಆಸುಪಾಸು ಅಷ್ಟೇ. ದಕ್ಷಿಣಕ್ಕೆ ಬೆಟ್ಟ ಗೋಡೆ ಥರ ನಿಂತಿರೋ ಕ್ಯಾಂಪಲ್ಲಿ ಆ ಭಾಗ ಬೆಟ್ಟದ ಹಿಂದೆ ಹೋಗ್ಬಿಡುತ್ತೆ. ಸಂಜೆ ಚಹಾ ಕುಡಿಯೋವಾಗ್ಲೇ ಕಂಪಾಸ್ ಹಿಡಿದು ದಕ್ಷಿಣಕ್ಕೆ ಎಲ್ಲಿ ಆಕಾಶ ತೆರೆದಿದೆ ಅಂತ ನೋಡಿಟ್ಕೊಳ್ಳಿ, ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕ್ಕೊಂಡು ಹುಡ್ಕಿದ್ರೆ ಕುದುರೆ ಹಗ್ಗಕ್ಕೆ ಕಾಲು ಸಿಕ್ಕೋದೇ ಗ್ಯಾರಂಟಿ. ಎಫ್ 2.8, ಐಎಸ್‌ಒ 3200, 20 ಸೆಕೆಂಡು, ಇಲ್ಲಿಂದ ಶುರು ಮಾಡಿ.

ಯಾವಾಗ ಹೋಗ್ಬೇಕು ಅಂತ ಮೆಸೇಜ್ ಮಾಡ್ತಾನೇ ಇರ್ತೀರ. ಜುಲೈ ಶುರುವಲ್ಲಿ ಪಾಸ್‌ಗಳ ಹತ್ರ ಹಿಮ ಇನ್ನೂ ಉಳಿದಿರುತ್ತೆ, ಹುಲ್ಲು ಹೊಸ ಹಸಿರು. ಗಡ್ಸರ್ ಕಡೆ ಹೂವು ಬೇಕು ಅಂದ್ರೆ ಆಗಸ್ಟ್ ಮಧ್ಯದೊಳಗೆ ಹೋಗಿ. ಸೆಪ್ಟೆಂಬರಲ್ಲಿ ಗಾಳಿ ತಿಳಿ, ಹುಲ್ಲು ಮಾತ್ರ ಕಂದು. ನನ್ನ ಕೇಳಿದ್ರೆ ಆಗಸ್ಟ್ ಮೊದಲೆರಡು ವಾರದಲ್ಲಿ ಯಾವ ಬ್ಯಾಚು ಅಮಾವಾಸ್ಯೆ ಹತ್ರ ಬರುತ್ತೋ ಅದನ್ನ ಬುಕ್ ಮಾಡಿ. ನಮ್ಮಮ್ಮ ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತಾರೆ, ಅವರಿಗೋಸ್ಕರ ಎರಡು ದಿನ ಮೊದಲೇ ಮನೆ ಬಿಟ್ರೆ ಆಯ್ತು, ಹೇಗೂ ಕತ್ತಲಾದ ಆಕಾಶ ಬೇಕಾಗೋದು ವಿಷನ್‌ಸರ್ ತಲುಪಿದ ಮೇಲೆ ತಾನೆ.