ಮೊತ್ಸಿಯ ಕೈಗವಸು
ನಿನ್ನೆ ರಾತ್ರಿ ನಿದ್ದೆ ಹತ್ತದೆ ಮತ್ತೆ ಅದೇ ಫುಟ್‌ಬಾಲ್ ಪಂದ್ಯ ನೋಡಿದೆ. ಬಲ್ಗೇರಿಯಾದ ಪುಟ್ಟ ಊರು ರಾಜ್‌ಗ್ರಾಡ್. ಅಲ್ಲಿನ ಲೂದೊಗೊರೆಟ್ಸ್ ಕ್ಲಬ್ 2011ರಲ್ಲಿ ಮೇಲಿನ ಲೀಗ್‌ಗೆ ಬಂತು, ಮರುವರ್ಷವೇ ಚಾಂಪಿಯನ್ ಆಯಿತು. ಆಮೇಲೆ ರಾಜಧಾನಿ ಸೋಫಿಯಾದ ದೊಡ್ಡ ಕ್ಲಬ್‌ಗಳಿಗೆ ವರ್ಷಗಟ್ಟಲೆ ಆ ಪಟ್ಟ ಬಿಟ್ಟುಕೊಡಲೇ ಇಲ್ಲ.

ಆದರೆ ನನ್ನ ಮನಸ್ಸು ನಿಲ್ಲುವುದು 2014ರ ಆಗಸ್ಟ್ 27ರಲ್ಲಿ. ಎದುರಾಳಿ ರುಮೇನಿಯಾದ ಸ್ಟೆವಾ ಕ್ಲಬ್. ಹೆಚ್ಚುವರಿ ಸಮಯ ಇನ್ನೇನು ಮುಗಿಯಬೇಕು, ಲೂದೊಗೊರೆಟ್ಸ್‌ನ ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್! ಬದಲಿ ಆಟಗಾರನನ್ನು ಇಳಿಸುವ ಅವಕಾಶವೂ ಉಳಿದಿರಲಿಲ್ಲ. ರಕ್ಷಣಾ ಆಟಗಾರ ಕೊಸ್ಮಿನ್ ಮೊತ್ಸಿ (ಅವನೂ ರುಮೇನಿಯಾದವನೇ) ಕೈಗವಸು ತೊಟ್ಟು ಗೋಲಿನೆದುರು ನಿಂತ. ಫಲಿತಾಂಶ ನಿರ್ಧರಿಸುವ ಪೆನಾಲ್ಟಿ ಶೂಟೌಟ್‌ನಲ್ಲಿ ಮೊದಲ ಪೆನಾಲ್ಟಿಯನ್ನು ತಾನೇ ಒದ್ದು ಗೋಲು ಗಳಿಸಿದ, ಬಳಿಕ ಎದುರಾಳಿಯ ಎರಡು ಹೊಡೆತಗಳನ್ನು ತಡೆದ. ತಂಡ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಹೋಯಿತು.

ಊರಿನ ಕ್ರೀಡಾಂಗಣದ ಒಂದು ಸ್ಟ್ಯಾಂಡ್‌ಗೆ ಅವನ ಹೆಸರಿಟ್ಟಿದ್ದಾರೆ. ಆ ಕೈಗವಸು ತೊಡುವಾಗ ಅವನ ಬೆರಳು ನಡುಗಿರಬಹುದೇ ಎಂದು ಪ್ರತಿ ಸಲವೂ ಯೋಚಿಸುತ್ತೇನೆ.