ಕಾರ್ಡ್ ಹೇಳಿದ ಎರರ್ ಡ್ರೈವರ್‌ನಲ್ಲೇ ಮಾಯ

ಕೊನೆಗೂ ಸಿಕ್ಕಿಬಿತ್ತು! ತಿಕೋಟಾ ಹತ್ತಿರ ಕಾಕಾನ ದ್ರಾಕ್ಷಿ ತೋಟದಲ್ಲಿಟ್ಟ ಲಾಗರ್‌ನಲ್ಲಿ (ಎಲೆಯ ಒದ್ದೆ ಅಳೆದು ದಾಖಲಿಸುವ ಯಂತ್ರ) ಮಧ್ಯೆ ಮಧ್ಯೆ ರೀಡಿಂಗ್ ಯಾಕೆ ಕಾಣೆಯಾಗುತ್ತಿತ್ತು ಅಂತ ಗೊತ್ತಾಯಿತು. ಎಲೆ ಎಷ್ಟು ಗಂಟೆ ಒದ್ದೆ ಇತ್ತು ಅನ್ನೋದು ನೋಡಿಯೇ ಡೌನಿ ಅನ್ನೋ ಬೂಜು ರೋಗಕ್ಕೆ ಔಷಧಿ ಹೊಡೆಯಬೇಕು. ಒಂದು ರಾತ್ರಿಯ ಲೆಕ್ಕ ತಪ್ಪಿದರೂ ಕಾಕಾನಿಗೆ ನಷ್ಟ.

ಲಾಗರ್ ಒಳಗೆ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್, ಅದಕ್ಕೆ ಎಸ್‌ಪಿಐ ಅನ್ನೋ ತಂತಿ ಸಂಪರ್ಕದ ಮೇಲೆ ಎಸ್‌ಡಿ ಕಾರ್ಡ್, ಅದರ ಮೇಲೆ ಫೈಲ್ ನೋಡಿಕೊಳ್ಳುವ ಫ್ಯಾಟ್‌ಎಫ್‌ಎಸ್ ಲೈಬ್ರರಿ. ರೈಟ್ (ಕಾರ್ಡ್‌ಗೆ ಬರೆಯೋದು) ಪ್ರತಿ ಸಲ ಓಕೆ ಅನ್ನುತ್ತಿತ್ತು. ಫೈಲ್ ತೆರೆದರೆ ಒಂದು ಬ್ಲಾಕ್, ಅಂದ್ರೆ 512 ಬೈಟ್ ಜಾಗದಲ್ಲಿ ಹಳೇ ಕಸ.

ತಪ್ಪು ಇದ್ದದ್ದು ಕಾರ್ಡ್ ಕೂರಿಸುವ ಮಾಡ್ಯೂಲ್ ಜೊತೆ ಅಂಗಡಿಯವರು ಕೊಟ್ಟ ಡ್ರೈವರ್‌ನಲ್ಲಿ, ಅಂದ್ರೆ ಕಾರ್ಡ್ ಜೊತೆ ಮಾತಾಡುವ ಕೋಡ್‌ನಲ್ಲಿ. ಕಾರ್ಡ್ ಬ್ಯುಸಿ ಇದ್ದು ಟೈಮ್‌ಔಟ್ ಆದರೆ (ಕಾಯುವ ಸಮಯ ಮುಗಿದರೆ) ಡ್ರೈವರ್‌ನ ಫಂಕ್ಷನ್ ಎರರ್ ಅಂತ -1 ಕೊಡುತ್ತದೆ. ಆದರೆ ರಿಟರ್ನ್ ಟೈಪ್ 8 ಬಿಟ್ ಅನ್‌ಸೈನ್ಡ್, ಅಂದ್ರೆ ಮೈನಸ್ ಇಲ್ಲದ ಸಂಖ್ಯೆ! ಹೊರಗೆ ಬರೋದು 255. ಕರೆದ ಕೋಡ್ ಅದನ್ನು ಇಂಟ್‌ನಲ್ಲಿಟ್ಟು (ಮೈನಸ್ ಕೂಡ ಹಿಡಿಯುವ ಟೈಪ್) ಸೊನ್ನೆಗಿಂತ ಕಡಿಮೆಯಾ ಅಂತ ನೋಡುತ್ತದೆ. 255 ಎಂದಾದರೂ ಸೊನ್ನೆಗಿಂತ ಕಡಿಮೆ ಆಗುತ್ತಾ? ಇಂಟ್‌ಗೆ ಹಾಕಿದ್ದರಿಂದ ಕಂಪೈಲರ್ ಕೂಡ ಸುಮ್ನಿತ್ತು. ಸಾಲದ್ದಕ್ಕೆ ಕಾಯೋದು ಬರೀ 100 ಮಿಲಿಸೆಕೆಂಡ್. ಎಸ್‌ಡಿಎಚ್‌ಸಿ (ದೊಡ್ಡ ಸಾಮರ್ಥ್ಯದ ಎಸ್‌ಡಿ) ಕಾರ್ಡ್ ಬರೆಯೋಕೆ 250 ಮಿಲಿಸೆಕೆಂಡ್ ತನಕ ತಗೊಳ್ಳಬಹುದು ಅಂತ ಸ್ಪೆಸಿಫಿಕೇಶನ್‌ನಲ್ಲೇ ಇದೆ. ಅದನ್ನು ಓದದೆ ಡ್ರೈವರ್ ಮಾರುವವರ ಮೇಲೆ ನಿಜಕ್ಕೂ ಸಿಟ್ಟು ಬರುತ್ತೆ. ಆ ಮಾಡ್ಯೂಲ್‌ನಲ್ಲಿ ಸಿಗ್ನಲ್ ದಾಟಿಸುವ ಬಫರ್ ಚಿಪ್ ಅಂತೂ ಕಾರ್ಡ್‌ನ ಸೆಲೆಕ್ಟ್ ಸಿಗ್ನಲ್ ತೆಗೆದ ಮೇಲೂ ಉತ್ತರ ಬರುವ ಮಿಸೋ ಲೈನ್ ಬಿಡೋದಿಲ್ಲ, ಹಾಗಾಗಿ ಬೇರೆ ಸಾಧನ ಅದನ್ನು ಬಳಸೋಕಾಗೋದಿಲ್ಲ. ಅದೇ ಬಸ್‌ಗೆ (ಎಸ್‌ಪಿಐ ತಂತಿಗಳಿಗೆ) ದೂರಕ್ಕೆ ಡೇಟಾ ಕಳಿಸುವ ಲೋರಾ ರೇಡಿಯೊ ಹಾಕಿ, ಒಣದ್ರಾಕ್ಷಿ ಶೆಡ್‌ನ ತೇವಾಂಶ ಮನೆಯಲ್ಲೇ ನೋಡಬೇಕು ಅಂತ ಆಸೆ ಇದೆ. ಹೊಸ ಮಾಡ್ಯೂಲ್ ಬರುವ ತನಕ ಅದು ಆಗದ ಮಾತು.

ಟೈಪ್ ಸರಿ ಮಾಡಿ, ಟೈಮ್‌ಔಟ್ 500ಕ್ಕೆ ಏರಿಸಿದೆ. ಕಾರ್ಡ್‌ಗೆ ಸಿಎಂಡಿ59 ಅನ್ನೋ ಆದೇಶ ಕಳಿಸಿ ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟಿದೆಯಾ ಅಂತ ಪರೀಕ್ಷಿಸೋದು) ಆನ್ ಮಾಡಿದೆ, ಎಸ್‌ಪಿಐ ಮೋಡ್‌ನಲ್ಲಿ ಅದು ಮೊದಲಿಗೆ ಆಫ್ ಇರುತ್ತೆ ಅಲ್ವಾ. ಆಗ ಲಾಗ್ ಪೂರ್ತಿ ನಿಂತೇಹೋಯಿತು! ಒಂದು ಎರರ್ ಬಂದರೆ ಸಾಕು, ಫ್ಯಾಟ್‌ಎಫ್‌ಎಸ್ ಅದನ್ನು ಆ ಫೈಲ್‌ಗೆ ಗುರುತು ಹಾಕಿಟ್ಟುಕೊಳ್ಳುತ್ತದೆ. ಮುಚ್ಚಿ ತೆರೆಯುವ ತನಕ ಪ್ರತಿ ರೈಟ್‌ಗೂ ಅದೇ ಉತ್ತರ. ಡ್ರೈವರ್‌ನ ಡಿಸ್ಕ್ ರೈಟ್ ಫಂಕ್ಷನ್‌ನಿಂದ ಯಾವ ಎರರ್ ಕೋಡ್ ಹೋದರೂ ಮೇಲೆ ಕಾಣೋದು ಡಿಸ್ಕ್ ಎರರ್ ಒಂದೇ. ಅಂದ್ರೆ ಯಾವ ಎರರ್‌ಗೆ ಏನು ಮಾಡಬೇಕು ಅನ್ನೋದು ಡ್ರೈವರ್ ಒಳಗೇ ತೀರ್ಮಾನ ಆಗಬೇಕು. ಈಗ ಕಾರ್ಡ್ ಉತ್ತರವಾಗಿ ಹೆಕ್ಸ್ (16ರ ಎಣಿಕೆಯ) 0ಬಿ ಕೊಟ್ಟರೆ ಸಿಆರ್‌ಸಿ ತಪ್ಪು, ಅದೇ ಬ್ಲಾಕ್ ಮತ್ತೆ ಹೋಗುತ್ತದೆ. 0ಡಿ ಬಂದರೆ ರೈಟ್ ಎರರ್, ಸಿಎಂಡಿ13 ಕಳಿಸಿ ಕಾರಣ ಕೇಳುತ್ತೇನೆ. ಕೊನೆಯ ಎರರ್ ಒಂದು ವೇರಿಯೇಬಲ್‌ನಲ್ಲಿ ಉಳಿಯುತ್ತದೆ.

ಅದನ್ನು ನೋಡಿದಾಗಲೇ ಗೊತ್ತಾಗಿದ್ದು, 0ಬಿ ಬರೋದೆಲ್ಲ ತ್ರೀ ಫೇಸ್ ಬಂದು ಬೋರ್‌ವೆಲ್ ಮೋಟರ್ ಶುರುವಾದಾಗ. ಮೋಟರ್‌ನ ವಿದ್ಯುತ್ ಗದ್ದಲ ತಡೆಯೋಕೆ ಕೇಬಲ್ ಗಿಡ್ಡ ಮಾಡಿ ಫೆರೈಟ್ ಉಂಗುರ ಹಾಕಿ ನೋಡುತ್ತೇನೆ. ಬಫರ್ ಇಲ್ಲದ 3.3 ವೋಲ್ಟ್ ಮಾಡ್ಯೂಲ್ ವಿಜಯಪುರದಲ್ಲಿ ಎಲ್ಲಾದರೂ ಸಿಗುತ್ತಾ, ಹೇಳಿ.