ಹನ್ನೊಂದು ತೊರ್ತಿಯಾ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಮುತ್ತ ದ್ರಾಕ್ಷಿ ತೋಟಗಳು. ಕೂಲಿಯವರಲ್ಲಿ ಬಹಳ ಮಂದಿ ಮೆಕ್ಸಿಕೊದವರು. ಅಲ್ಲಿನ ಚಿಕಿತ್ಸಾಲಯವೊಂದರಲ್ಲಿ ನಾನು ಆಹಾರ ಸಲಹೆಗಾರ್ತಿ. ಸಕ್ಕರೆ ಕಾಯಿಲೆಯವರು ಬಂದರೆ ಮೊದಲ ಪ್ರಶ್ನೆ, ನಿನ್ನೆ ಏನೇನು ತಿಂದಿರಿ? ತುಂಬಿಕೊಡುವ ಫಾರಂ ಸ್ಪ್ಯಾನಿಷಿನಲ್ಲೂ ಇತ್ತು. ಆದರೆ ಎರಡನೇ ತರಗತಿಗೇ ಶಾಲೆ ಬಿಟ್ಟವರಿಗೆ ಅದು ಯಾವ ಭಾಷೆಯಲ್ಲಿದ್ದರೇನು?

ಅದಕ್ಕೇ ಟ್ಯಾಬ್ ಬಂತು. ಪ್ರಶ್ನೆಯನ್ನು ಅದೇ ಓದಿ ಹೇಳುತ್ತದೆ, ನಾವು ಚಿತ್ರ ಮುಟ್ಟಿದರೆ ಸಾಕು. ಮೊದಲ ದಿನ ಅದರ ಮುಂದೆ ಕುಳಿತವರು ಮೆಕ್ಸಿಕೊದ ಓಹಾಕಾ ಕಡೆಯ, ಐವತ್ತು ದಾಟಿದ ಹೆಂಗಸು. ಮನೆಮಾತು ಅಲ್ಲಿನ ಮೂಲನಿವಾಸಿಗಳ ಮಿಸ್ಟೆಕೊ, ಸ್ಪ್ಯಾನಿಷ್ ಅವರಿಗೆ ಎರಡನೆಯ ಭಾಷೆ.

ಟ್ಯಾಬ್ "ಅಬಿಚುವೇಲಾಸ್ ತಿಂದಿರಾ?" ಎಂದು ಕೇಳಿತು. ಅವರು ನನ್ನ ಮುಖ ನೋಡಿದರು. ಕಾಳಿಗೆ ಪೋರ್ಟೊ ರಿಕೊದವರು ಹೇಳುವ ಹೆಸರು ಅದು. ಮೆಕ್ಸಿಕೊದಲ್ಲಿ ಅದು ಫ್ರಿಹೋಲೆಸ್. ನಾನು ಹೇಳಿಕೊಟ್ಟೆ. ಬಳಿಕ ಬೇಯಿಸಿದ ಕಾಳಿನ ನಾಲ್ಕು ತಟ್ಟೆಗಳು ತೆರೆಯ ಮೇಲೆ ಬಂದವು, ಸಣ್ಣದರಿಂದ ದೊಡ್ಡದಕ್ಕೆ. ಅವರು ಯಾವುದನ್ನೂ ಮುಟ್ಟಲಿಲ್ಲ.

"ಇದು ನನ್ನದಲ್ಲ, ಡೊಕ್ತೋರಾ. ನಿನ್ನೆ ನಾನು ಕೊತ್ತಂಬರಿ ಹಾಕಲಿಲ್ಲ."

ನಾನು ಡಾಕ್ಟರಲ್ಲ ಎಂದು ಅವರಿಗೆ ಹಲವು ಸಲ ಹೇಳಿದ್ದೇನೆ. ಆದರೆ ಕೊತ್ತಂಬರಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರ ಬರೀ ಅಳತೆಗೆ ಎಂಬುದು ಫಾರಂ ತುಂಬಿ ತುಂಬಿ ಬೆಳೆದ ನಮ್ಮಂಥವರಿಗೆ ಗೊತ್ತು. ಅವರಿಗೆ ಚಿತ್ರವೆಂದರೆ ಚಿತ್ರದಲ್ಲಿರುವುದೇ.

ತೊರ್ತಿಯಾ, ಅಂದರೆ ಅವರ ತೆಳು ರೊಟ್ಟಿ, ಎಷ್ಟು ಎಂದಾಗ ಮಾತ್ರ ತಡವರಿಸದೆ ಹನ್ನೊಂದು ಒತ್ತಿದರು. ಹಿಂದಿನ ತಿಂಗಳು ನನಗೆ ಹೇಳಿದ್ದು ನಾಲ್ಕು! ನಾನು ಕೇಳುವ ಮೊದಲೇ ಅವರೇ ನಕ್ಕರು: "ಇದು ನಿಮ್ಮ ಹಾಗೆ ಹುಬ್ಬೇರಿಸುವುದಿಲ್ಲ." ಆ ಯಂತ್ರದ ಮೇಲೆ ಆ ಕ್ಷಣ ನನಗೆ ಹೊಟ್ಟೆಕಿಚ್ಚಾಯಿತು.

ಆದರೆ ಅವರು ಮುಟ್ಟಿದ್ದು ಗೋಧಿ ತೊರ್ತಿಯಾವನ್ನು. ಏಕೆಂದರೆ ಮೆಕ್ಕೆಜೋಳದ್ದೆಂದು ಅಲ್ಲಿ ತೋರಿಸಿದ್ದು ಹಳದಿ ಬಣ್ಣದ್ದು. ಅವರ ಮನೆಯ ಮೆಕ್ಕೆಜೋಳ ಬಿಳಿ. ಬಿಳಿಗೆ ಬಿಳಿ ಒತ್ತಿದ್ದರು. ಅವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ರುಬ್ಬುತ್ತಾರೆ. ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣವೇ. ಅದರಿಂದ ರೊಟ್ಟಿಗೆ ಕ್ಯಾಲ್ಸಿಯಂ ಸೇರುತ್ತದೆ, ಜೋಳದಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಬಿ ವಿಟಮಿನ್ ದೇಹಕ್ಕೆ ಸಿಗುವಂತಾಗುತ್ತದೆ. ಸುಣ್ಣವನ್ನು ಬಿಟ್ಟು ಜೋಳವನ್ನಷ್ಟೇ ಯುರೋಪಿಗೆ ಒಯ್ದರು, ಅಲ್ಲಿನ ಬಡವರನ್ನು ನಿಯಾಸಿನ್ ಕೊರತೆಯ ರೋಗವಾದ ಪೆಲಾಗ್ರಾ ಕಾಡಿತು. ಇಷ್ಟೆಲ್ಲ ಒಂದು ತಪ್ಪು ಬೆರಳಿಗೆ ಗೋಧಿಯಾಗಿಬಿಟ್ಟಿತ್ತು. ನಾನು ತಿದ್ದಿದೆ.

"ಈಗ ನಿಮ್ಮದು," ಎಂದು ಅವರು ಟ್ಯಾಬನ್ನು ನನ್ನ ಕಡೆಗೆ ತಳ್ಳಿದರು.

ನಾನು ಹಿಂದಿನ ರಾತ್ರಿ ಉಂಡದ್ದು ಮುದ್ದೆ, ಸೊಪ್ಪಿನ ಸಾರು. ರಾಗಿಗಾಗಿ ಹುಡುಕಿದೆ, ಸಿಗಲಿಲ್ಲ. ಕಂದು ಬಣ್ಣದ ಉಂಡೆ ಹೇಗಿರುತ್ತದೆಂದು ಕೈಯಲ್ಲಿ ತೋರಿಸಿದೆ. ಅವರು ತಕ್ಷಣ ತೆರೆಯ ಮೇಲೊಂದು ಚಿತ್ರಕ್ಕೆ ಬೆರಳಿಟ್ಟರು. ಮಾಂಸದ ಉಂಡೆ, ಅಲ್ಬೊಂದಿಗಾ. ಸಸ್ಯಾಹಾರಿಯಾದ ನಾನು ಹೆದರಿ ಮೆಕ್ಕೆಜೋಳದ ಗಂಜಿಯನ್ನು ಒತ್ತಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ವರದಿ ಬಂತು: ನಿಮ್ಮ ಕ್ಯಾಲ್ಸಿಯಂ ಕಡಿಮೆ, ಹಾಲು ಹೆಚ್ಚು ಕುಡಿಯಿರಿ.

"ಕುಡಿಯಿರಿ, ಡೊಕ್ತೋರಾ," ಎಂದು ಹೇಳಿ ಅವರು ಹುಬ್ಬೇರಿಸಿದರು.